ಹಕ್ಕಿ ಕಡಗಕ್ಕೊಂದು ಜೋಡಿ

ಮಹಾಶ್ವೇತಾಗೆ ಕುರ್ಚಿ ಎಂದರೆ ಕೈಚೀಲ ಇಡುವ ಜಾಗ. ಅದರ ಮೇಲೆ ಮನುಷ್ಯರು ಕೂರಬಹುದು ಎನ್ನುವುದು ಐವತ್ತು ದಾಟಿದರೂ ಅವಳಿಗೆ ಹೊಳೆದಿಲ್ಲ. ಸಿಡ್ನಿಯ ಎಪ್ಪಿಂಗ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವಳ ಮನೆ ಕೆಳಗೆ, ನಮ್ಮದು ಅದರ ಮೇಲೆ. ಚಹಾಕ್ಕೆ ಕರೆದರೆ ಬರುತ್ತಾಳೆ. ಲೋಟ ಹಿಡಿದುಕೊಂಡು ಬಾಲ್ಕನಿಗೂ ಅಡುಗೆಮನೆಗೂ ಓಡಾಡುತ್ತಲೇ ಕುಡಿಯುತ್ತಾಳೆ, ನಡುವೆ ಫೋನ್ ನೋಡುತ್ತಾಳೆ, "ಬರ್ತೀನಿ ಭಾಗೀರಥಿ" ಎಂದು ಹೊರಟೇಬಿಡುತ್ತಾಳೆ. ಮೈಸೂರಿನವಳಾದ ನನಗೆ ಒಂದು ಲೋಟ ಕಾಫಿ ಮುಗಿಸಲು ಅರ್ಧ ಬೆಳಗು ಬೇಕು. ನಮ್ಮಿಬ್ಬರ ಸ್ನೇಹ ಇಷ್ಟು ವರ್ಷ ಹೇಗೆ ಬಾಳಿತೋ ನನಗೇ ತಿಳಿಯದು.

ಅವಳು ಬೆಳಗಾವಿಯವಳು. ಮ್ಯಾಕ್ವೆರಿ ಪಾರ್ಕಿನ ಒಂದು ಔಷಧಿ ಕಂಪನಿಯಲ್ಲಿ ಕೆಲಸ. ವಾರವೆಲ್ಲ ಮೆಟ್ರೋ ಹಿಡಿದು ಹೋಗಿ ಮಾತ್ರೆಗಳ ಲೇಬಲ್ಲಿನಲ್ಲಿ ತಪ್ಪು ಹುಡುಕುತ್ತಾಳೆ, ವೀಕೆಂಡ್ ಬಂದರೆ ಮೆಕ್ಸಿಕೋ ದೇಶದ ಹಳೆಯ ಬೆಳ್ಳಿ ಒಡವೆ ಹುಡುಕುತ್ತಾಳೆ. ಹುಡುಕುವುದು ಬಿಟ್ಟು ಬೇರೆ ಏನಾದರೂ ಬರುತ್ತದೆಯೇ ಎಂದು ಅವಳ ಗಂಡ ಗೌರೀಶ ಆಗಾಗ ಕೇಳುತ್ತಾನೆ. ಅವನು ಒಳ್ಳೆಯವನು, ಸೋಫಾದಿಂದ ಏಳದೆ ಕೇಳುತ್ತಾನೆ.

ಈ ಹುಚ್ಚು ಹತ್ತಿದ್ದು ಸಿಡ್ನಿಯಲ್ಲೇ ಇರುವ ಲಿವರ್‌ಪೂಲ್‌ನಲ್ಲಿ. ಆಸ್ಟ್ರೇಲಿಯಾಕ್ಕೆ ಬಂದ ಹೊಸತರಲ್ಲಿ ಅವರು ಅಲ್ಲಿ ಬಾಡಿಗೆಗಿದ್ದರು. ಮನೆಗೆ ಪಾತ್ರೆ ಬೇಕೆಂದು ಹಳೆ ಸಾಮಾನು ಮಾರುವ ಒಂದು ಆಪ್ ಶಾಪ್‌ಗೆ ಹೋದಾಗ, ಪ್ಲಾಸ್ಟಿಕ್ ಮಣಿಗಳ ತಟ್ಟೆಯಲ್ಲಿ ಒಂದು ಕಪ್ಪಗಿನ ಪಿನ್ನು ಸಿಕ್ಕಿತು. ಅಂಗಡಿಯವರು ಅದನ್ನು ತಗಡು ಎಂದುಕೊಂಡಿದ್ದರು. ಇವಳು ಅಂಗೈಯಲ್ಲಿ ಒಂದು ಸಲ ಎತ್ತಿ ನೋಡಿದಳಂತೆ, ಬೆಳ್ಳಿ ಎಂದು ಗೊತ್ತಾಯಿತಂತೆ. ಹುಟ್ಟಿದ ಮಗುವಿನ ಕೊರಳಿಗೂ ಲಿಂಗದ ಬೆಳ್ಳಿ ಕರಡಿಗೆ ಕಟ್ಟುವ ಮನೆತನ ಅವರದು, ಬೆಳ್ಳಿಯ ತೂಕ ಕೈಗೆ ಗೊತ್ತಿರುವುದರಲ್ಲಿ ಆಶ್ಚರ್ಯವಿಲ್ಲ. ಹಿಂದುಗಡೆ ಸಣ್ಣಕ್ಷರದಲ್ಲಿ ‘ತಾಸ್ಕೊ’ ಎಂಬ ಮುದ್ರೆ ಇತ್ತು. ಅದು ಮೆಕ್ಸಿಕೋದ ಗುಡ್ಡಗಾಡಿನ ಒಂದು ಊರು, ಅಲ್ಲಿನ ಕಾರ್ಖಾನೆಗಳಲ್ಲಿ ಎಪ್ಪತ್ತೆಂಬತ್ತು ವರ್ಷದ ಹಿಂದೆ ಮಾಡಿದ ಒಡವೆಗಳಿಗಾಗಿ ಜಗತ್ತಿನ ತುಂಬ ಜನ ಬಾಯಿ ಬಿಡುತ್ತಾರೆ ಎನ್ನುವುದು ಆಮೇಲೆ ತಿಳಿಯಿತು. ಅಲ್ಲಿಂದ ಇವಳ ಕಾಲಿಗೆ ಚಕ್ರ ಬಂತು.

ಸಿಡ್ನಿಯ ಸಂತೆಗಳು ಸಾಲದೆ ಮೆಲ್ಬರ್ನ್‌ಗೂ ಹಾರತೊಡಗಿದಳು. ಮಗಳು ಆದ್ಯಾ ಅಲ್ಲಿ ಓದುತ್ತಿದ್ದಾಳೆ. ಅಮ್ಮ ಪದೇ ಪದೇ ಬರುವುದು ತನ್ನನ್ನು ನೋಡಲು ಎಂದು ಆ ಹುಡುಗಿ ಮೊದಮೊದಲು ನಂಬಿದ್ದಳು, ಪಾಪ. ಇತ್ತ ಇಂಟರ್‌ನೆಟ್‌ನಲ್ಲಿ ಇಂಥದ್ದನ್ನೇ ಸಂಗ್ರಹಿಸುವವರ ಒಂದು ಗುಂಪಿದೆ, ಅಲ್ಲಿ ಮಹಾಶ್ವೇತಾ ಎಂದರೆ ಮಾರುವವರಿಗೆ ನಡುಕ. ಯಾರಾದರೂ ಹೊಸ ಮಾಲಿಗೆ ಹಳೆ ಮುದ್ರೆ ಒತ್ತಿ ಚಿತ್ರ ಹಾಕಿದರೆ ಸಾಕು, ಇವಳು ಬಸ್ಸಿನಲ್ಲಿದ್ದರೂ ಸರಿ, ಮೀಟಿಂಗಿನಲ್ಲಿದ್ದರೂ ಸರಿ, ಮುದ್ರೆ ಸುಳ್ಳು ಎಂದು ಬರೆದು ಅದರ ಜನ್ಮ ಜಾಲಾಡಿಬಿಡುತ್ತಾಳೆ. ಅಷ್ಟೊಂದು ಜಗಳ ಯಾಕೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಸುಳ್ಳು ಬೆಳ್ಳಿ ಕಂಡರೆ ತನಗೆ ಮೈಯೆಲ್ಲ ತುರಿಸುತ್ತದೆ ಎಂದಳು.

ಜೂನ್ ಎಂಬಾಕೆ ಪರಿಚಯವಾದದ್ದು ಮೆಲ್ಬರ್ನ್‌ನ ಕ್ಯಾಂಬರ್‌ವೆಲ್ ಸಂತೆಯಲ್ಲಿ. ಒಂದೇ ಬ್ರೋಚಿಗೆ ಇಬ್ಬರೂ ಒಟ್ಟಿಗೆ ಕೈ ಹಾಕಿದರು, ಇಬ್ಬರೂ ಬಿಡಲಿಲ್ಲ. ಜೂನ್ ಆಗಲೇ ಎಂಬತ್ತರ ಅಂಚಿನ ಮುದುಕಿ, ಗಂಡ ಇಂಜಿನಿಯರ್ ಆಗಿದ್ದ ಕಾಲದಲ್ಲಿ ಮೆಕ್ಸಿಕೋದಲ್ಲೇ ಸಂಸಾರ ಮಾಡಿದವಳು. ಕೊನೆಗೆ ಬ್ರೋಚನ್ನು ಜೂನ್ ಕೊಂಡಳು, ಚಹಾವನ್ನು ಇವಳಿಗೆ ಕುಡಿಸಿದಳು. ಆಮೇಲೆ ಪ್ರತಿ ಸಲ ಮೆಲ್ಬರ್ನ್‌ಗೆ ಹೋದಾಗಲೂ ಬ್ರನ್ಸ್‌ವಿಕ್‌ನ ಜೂನ್ ಮನೆಗೆ ಒಂದು ಭೇಟಿ ಇದ್ದೇ ಇರುತ್ತಿತ್ತು. ಮಗಳ ಮನೆಗೆ ಮೊದಲೋ ಅಲ್ಲಿಗೆ ಮೊದಲೋ ಎಂದು ನಾನು ಕೇಳಲು ಹೋಗಲಿಲ್ಲ.

ಜೂನ್ ಕೈಯಲ್ಲಿ ಸದಾ ಒಂದು ಅಗಲ ಕಡಗ ಇರುತ್ತಿತ್ತು. ಅದರ ಮೇಲೆ ತಲೆ ಹಿಂದಕ್ಕೆ ತಿರುಗಿಸಿದ ಒಂದು ಹಕ್ಕಿ. ಮಹಾಶ್ವೇತಾ ಅದನ್ನು ನೋಡುತ್ತಿದ್ದ ಪರಿ ಕೇಳಿದರೆ ಗೌರೀಶನ ಬಗ್ಗೆ ಮರುಕ ಹುಟ್ಟಬೇಕು, ಅವನನ್ನು ಅವಳು ಯಾವತ್ತೂ ಹಾಗೆ ನೋಡಿರಲಿಕ್ಕಿಲ್ಲ. ಕಳೆದ ವರ್ಷ ಆ ಮುದುಕಿಗೆ ಕಣ್ಣು ಮಂಜಾಗತೊಡಗಿತು. ಮನೆ ಖಾಲಿ ಮಾಡಿ ಪ್ರೆಸ್ಟನ್‌ನ ವೃದ್ಧಾಶ್ರಮಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಉಳಿದ ಒಡವೆಗಳನ್ನೆಲ್ಲ ಯಾರ್‍ಯಾರಿಗೋ ಹಂಚಿದವಳು ಆ ಕಡಗವನ್ನು ಮಾತ್ರ ಕೈಯಿಂದ ತೆಗೆದು ಇವಳಿಗೆ ಕೊಟ್ಟಳು. ಹಾಕಿಕೊಳ್ಳಬೇಕು, ಡಬ್ಬಿಯಲ್ಲಿ ಇಡಬಾರದು ಎಂದು ಮಾತು ತೆಗೆದುಕೊಂಡಳು. ಕೊಡುವಾಗ ಅದರ ಒಳ ಅಂಚಿನಲ್ಲಿದ್ದ ಒಂದು ಸಣ್ಣ ತಗ್ಗನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದಳಂತೆ. ಅದೇನೆಂದು ಇವಳು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಕಡಗ ಬಂತು, ಫಜೀತಿಯೂ ಜೊತೆಗೇ ಬಂತು. ಬೆಳಗಾವಿ ಕಡೆ ಹೆಣ್ಣುಮಗಳ ಎರಡೂ ಕೈಯಲ್ಲಿ ಬಳೆ ಇರಬೇಕು, ಪಾಟಲಿ ಇರಲಿ ಕಡಗ ಇರಲಿ, ಜೋಡಿ ಇಲ್ಲದೆ ಕೈಗೇರಿಸುವುದಿಲ್ಲ. ನಮ್ಮಲ್ಲೂ ಹಾಗೇ ಅನ್ನಿ, ಆದರೆ ನಾನು ವಾಚು ಕಟ್ಟಿ ಸುಧಾರಿಸುತ್ತೇನೆ. ಮೆಕ್ಸಿಕೋದ ಕಡಗಗಳೋ, ಹುಟ್ಟುವುದೇ ಒಂಟಿಯಾಗಿ. ಅದಕ್ಕೇ ಇವಳು ಅಷ್ಟು ವರ್ಷ ಉಂಗುರ, ಸರ, ಬ್ರೋಚು ಎಲ್ಲ ಧರಿಸಿದರೂ ಕಡಗವನ್ನು ಮಾತ್ರ ಹಾಕಿಕೊಂಡವಳಲ್ಲ. ಈಗ ಮಾತು ಕೊಟ್ಟಾಗಿದೆ. ಬೆಳಿಗ್ಗೆ ಏರಿಸುತ್ತಾಳೆ, ಲಿಫ್ಟಿನೊಳಗೆ ತೆಗೆಯುತ್ತಾಳೆ, ಸ್ಟೇಷನ್ನಿನಲ್ಲಿ ಮತ್ತೆ ಏರಿಸುತ್ತಾಳೆ.

"ಒಂದ್ ಕೈಯಾಗ ಕಡಗ, ಒಂದ್ ಕೈ ಬೋಳು, ನನ್ನ ಕಡಿಂದ ಆಗೂದಿಲ್ಲ ನೋಡ ಭಾಗೀರಥಿ. ಅವ್ವ ಎದುರಿಗೆ ಬಂದು ನಿಂತಂಗ ಆಗತೈತಿ" ಎಂದಳು. ಅವಳವ್ವ ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಆಗ ಅವಳಿಗೆ ಹೊಳೆದ ಉಪಾಯ ನಮ್ಮವರಿಗೆ ಮಾತ್ರ ಹೊಳೆಯುವಂಥದ್ದು. ಒಂದು ಓಲೆ ಕಳೆದುಹೋದರೆ ನಾವೇನು ಮಾಡುತ್ತೇವೆ? ಉಳಿದದ್ದನ್ನು ಒಯ್ದು ಅದಕ್ಕೆ ಜೋಡಿ ಮಾಡಿಸುತ್ತೇವೆ. ಅವಳ ಅಣ್ಣ ಬಸವಣ್ಣೆಪ್ಪ ಆಗ ತಂಗಿಯ ಮನೆ ನೋಡಲು ಬಂದಿದ್ದರು. ವಾಪಸು ಹೋಗುವಾಗ ಕಡಗವನ್ನು ಅವರ ಕೈಗೆ ಕೊಟ್ಟು, ಊರಿನ ಅಕ್ಕಸಾಲಿ ಪತ್ತಾರನ ಹತ್ತಿರ ಇಂಥದ್ದೇ ಇನ್ನೊಂದು ಮಾಡಿಸಿ ಕಳಿಸು ಎಂದಳು. ಹಳೆಯದಕ್ಕೆ ಪಾಲಿಶ್ ಮಾಡಬಾರದು, ಗೆರೆಗಳೊಳಗಿನ ಕಪ್ಪು ಹಾಗೇ ಇರಬೇಕು ಎಂದು ಏರ್‌ಪೋರ್ಟಿನ ಬಾಗಿಲವರೆಗೂ ಅವರ ತಲೆ ತಿಂದಳು. ಪಾಲಿಶ್ ಒಂದು ಬಿಟ್ಟು ಬೇರೆ ಏನನ್ನೂ ಹೇಳಲಿಲ್ಲ. ಹೇಳಬೇಕೆಂದು ಅವಳಿಗೆ ತೋಚಲೇ ಇಲ್ಲ.

ಚಳಿಗಾಲದಲ್ಲಿ, ಊರಿಂದ ಬರುವ ಯಾರದೋ ಕೈಯಲ್ಲಿ ಪೊಟ್ಟಣ ಬಂತು. ನಾನು ಅಲ್ಲೇ ಇದ್ದೆ. ಗುಲಾಬಿ ಕಾಗದದೊಳಗೆ ಎರಡು ಕಡಗಗಳು ಒಂದೇ ದಾರದಲ್ಲಿ ಕಟ್ಟಿಸಿಕೊಂಡು ಮಲಗಿದ್ದವು. ಎರಡರಲ್ಲೂ ಹಕ್ಕಿ, ಎರಡರಲ್ಲೂ ಕಪ್ಪು, ಎರಡರ ಹಿಂದೆಯೂ ತಾಸ್ಕೊ ಮುದ್ರೆ. ಮಹಾಶ್ವೇತಾ ಮೊದಲು ನಕ್ಕಳು. ಆಮೇಲೆ ಒಂದರ ಒಳ ಅಂಚನ್ನು ಬೆರಳಿಂದ ಸವರಿದಳು, ಇನ್ನೊಂದರದನ್ನು ಸವರಿದಳು, ಮತ್ತೆ ಮೊದಲನೆಯದನ್ನು ತೆಗೆದುಕೊಂಡಳು. ತಗ್ಗು ಯಾವುದರಲ್ಲೂ ಇರಲಿಲ್ಲ.

ಬಸವಣ್ಣೆಪ್ಪನವರ ಮೂಲಕ ಪತ್ತಾರನಿಗೆ ಫೋನ್ ಹೋಯಿತು. ಆ ಮನುಷ್ಯ ಹೆಮ್ಮೆಯಿಂದಲೇ ಉತ್ತರಿಸಿದ. "ಹಳೇದರಾಗ ಒಂದ್ ತಗ್ಗ ಬಿದ್ದಿತ್ರೀ ಅಕ್ಕಾರ. ಜೋಡಿ ಅಂದಮ್ಯಾಲ ಒಂದ್ ಛಲೋ, ಒಂದ್ ಹಾಳಾಗಿದ್ದು ಹೆಂಗ ಕೊಡೂದು? ತಗದು ಸಾಪ ಮಾಡೇನ್ರಿ. ಅದಕ್ಕ ಕೂಲಿ ಹಿಡದಿಲ್ರಿ."

ಮುದ್ರೆಯನ್ನೂ ಅವನು ಅದೇ ನಿಯಮದಿಂದ ಹೊಡೆದಿದ್ದ. ಹಳೆಯದರ ಬೆಳ್ಳಿಯನ್ನು ಒರೆಗೆ ಹಚ್ಚಿ ನೋಡಿ, ಹೊಸದಕ್ಕೂ ಅಷ್ಟೇ ಮಿಶ್ರ ಹಾಕಿದ್ದ. ಪಾಲಿಶ್ ಬೇಡ ಎಂದಿದ್ದರಲ್ಲ, ಹೊಸದಕ್ಕೆ ಕಪ್ಪು ಕೂರಿಸಿ ಸರಿಸಮ ಮಾಡಿದ್ದ. ಯಾವುದು ಹಳೆಯದು ಎಂದು ಕೇಳಿದ್ದಕ್ಕೆ, ಕಟ್ಟಿಟ್ಟ ಮೇಲೆ ತನಗೂ ಗುರುತು ಸಿಗುವುದಿಲ್ಲ ಎಂದು ನಕ್ಕ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಕಾರಣವೇ ಸಿಗಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅಲ್ಲಿಂದ ಅವಳ ಮನೆಯಲ್ಲಿ ನೆಮ್ಮದಿ ಎನ್ನುವುದು ಹೋಯಿತು. ಭೂತಗನ್ನಡಿ ಹಿಡಿದು ನೋಡಿದಳು, ತೂಗಿದಳು, ಸಿಟಿಯ ಒಂದು ಒಡವೆ ಅಂಗಡಿಯಲ್ಲಿ ಮಷೀನಿಗೆ ಇಡಿಸಿದಳು. ವ್ಯತ್ಯಾಸ ಇದ್ದೂ ಇಲ್ಲದಷ್ಟು, ಯಾವುದು ಹಳೆಯದೆಂದು ಹೇಳಲಾಗದು ಎಂದರು. ಒಂದನ್ನು ಕಿಟಕಿಯ ಹತ್ತಿರ ಇಟ್ಟು ಇದೇ ಜೂನ್‌ದು ಎನ್ನುತ್ತಿದ್ದಳು, ಸಂಜೆಗೆ ಅಲ್ಲ ಎಂದು ಸ್ಥಳ ಬದಲಿಸುತ್ತಿದ್ದಳು. ಒಗ್ಗರಣೆ ಸೀದುಹೋಗುತ್ತಿತ್ತು. ಎರಡೂ ಒಂದೇ ಥರ ಇವೆ ಅಂದಮೇಲೆ ಚಿಂತೆ ಯಾಕೆ ಎಂದು ಕೇಳಿದ ಗೌರೀಶನ ಜೊತೆ ಎರಡು ದಿನ ಮಾತು ಬಿಟ್ಟಳು. ಈಗ ಅವಳಿಗೆ ಬೇಕಾದ ಜೋಡಿ ಇತ್ತು, ಹಾಕಿಕೊಳ್ಳಲು ಮಾತ್ರ ಕೈ ಬರುತ್ತಿರಲಿಲ್ಲ.

ಅಷ್ಟರಲ್ಲಿ ಜೂನ್ ಫೋನ್ ಬಂತು. ಕಣ್ಣು ಪೂರ್ತಿ ಹೋದ ಹಾಗೇ, ಮುಂದಿನ ಸಲ ಬರುವಾಗ ಹಕ್ಕಿಯನ್ನು ತಂದು ಕೊಡು, ಒಂದೆರಡು ದಿನ ನನ್ನ ಕೈಯಲ್ಲಿ ಇರಲಿ, ಆಮೇಲೆ ನೀನೇ ಒಯ್ಯಿ ಎಂದಳಂತೆ. ಮಹಾಶ್ವೇತಾ ಆಗಲಿ ಎಂದು ಫೋನ್ ಇಟ್ಟು ಸೀದಾ ನಮ್ಮ ಮನೆಗೆ ಏರಿ ಬಂದಳು. ಬಂದವಳು ಅಡುಗೆಮನೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗಿದಳು. ನಾನು ನನಗೆ ತೋಚಿದ್ದನ್ನು ಹೇಳಿದೆ. ಕಣ್ಣು ಕಾಣದ ಮುದುಕಿ, ಯಾವುದೋ ಒಂದನ್ನು ಕೈಗಿಡು, ಖುಷಿಪಡುತ್ತಾಳೆ, ಪುಣ್ಯ ಬರುತ್ತದೆ ಎಂದೆ.

"ಆಕಿ ಕಣ್ಣಲೇ ಯಾವಾಗ ನೋಡ್ತಿದ್ಳು? ಆಕಿ ನೋಡೂದ ಹೆಬ್ಬಟ್ಟಲೇ" ಎಂದಳು. ಆ ತಗ್ಗು ಇಲ್ಲದಿದ್ದರೆ ಮುಟ್ಟಿದ ಕೂಡಲೇ ತಿಳಿಯುತ್ತದೆ ಎಂದು ಕೈ ಹಿಸುಕಿಕೊಂಡಳು.

ಮುಂದಿನ ಶನಿವಾರ ಮಧ್ಯಾಹ್ನ ನನ್ನನ್ನು ಕೆಳಗೆ ಕರೆದಳು. ಅಡುಗೆಕಟ್ಟೆಯ ಮೇಲೆ ಟವೆಲ್ ಮಡಿಸಿ ಹಾಸಿ, ಅದರ ಮೇಲೆ ಚಪಾತಿ ಮಣೆ ಇಟ್ಟು, ಮಣೆಯ ಮೇಲೆ ಒಂದು ಕಡಗ ಇಟ್ಟಿದ್ದಳು. ಕೈಯಲ್ಲಿ ಏಲಕ್ಕಿ ಕುಟ್ಟುವ ಹಿತ್ತಾಳೆ ಗುಂಡು. ತಗ್ಗು ಎಲ್ಲಿತ್ತೆಂದು ತನಗೆ ಕಣ್ಣು ಮುಚ್ಚಿದರೂ ಗೊತ್ತು ಎಂದಳು. ಇದೇ ಜೂನ್‌ದು ಅಂತ ಹೇಗೆ ಗೊತ್ತು ಎಂದು ಕೇಳಿದೆ. ಸುಳ್ಳು ಮುದ್ರೆಯವರ ಮಾನ ಹರಾಜು ಹಾಕುತ್ತಿದ್ದ ಹೆಂಗಸು ನನ್ನ ಕಣ್ಣೆದುರೇ ಕೈ ಎತ್ತಿ ಒಂದು ಏಟು ಹಾಕಿದಳು. ನಾನು ತಡೆಯಲಿಲ್ಲ, ಇದರಿಂದಾದರೂ ಈ ಓಡಾಟ ನಿಲ್ಲಲಿ ಎನಿಸಿತ್ತು. ಅವಳು ಹೊಸ ತಗ್ಗಿನ ಹೊಳಪು ಹೋಗುವವರೆಗೂ ಬೆರಳಿಂದ ತಿಕ್ಕಿದಳು.

ಮೆಲ್ಬರ್ನ್‌ಗೆ ನನ್ನನ್ನೂ ಎಳೆದುಕೊಂಡು ಹೋದಳು. ಒಬ್ಬಳೇ ಹೋದರೆ ಎಲ್ಲಿ ಬಾಯಿ ಬಿಟ್ಟುಬಿಡುತ್ತೇನೋ ಎಂಬ ಭಯ. ಏರ್‌ಪೋರ್ಟಿಗೆ ಆದ್ಯಾ ಕಾರು ತಂದಿದ್ದಳು, ಪ್ರೆಸ್ಟನ್‌ನಲ್ಲಿ ನಮ್ಮನ್ನು ಇಳಿಸಿ ಒಂದು ಗಂಟೆ ಬಿಟ್ಟು ಬರುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದಳು.

ಜೂನ್ ಕಿಟಕಿಯ ಪಕ್ಕ ಕೂತಿದ್ದಳು. ಸಣ್ಣ ಜೀವ, ಒಪ್ಪವಾಗಿ ಬಾಚಿದ ಬಿಳಿ ಕೂದಲು, ತುಟಿಗೆ ಯಾರೋ ಹಚ್ಚಿದ ಬಣ್ಣ ಒಂದಿಷ್ಟು ಆಚೀಚೆ. ಮಹಾಶ್ವೇತಾಳ ದನಿ ಕೇಳಿದ್ದೇ ಎರಡೂ ಕೈ ಚಾಚಿದಳು. ಇವಳು ಆ ಕೈಯಲ್ಲಿ ತಗ್ಗು ಬಿದ್ದ ಕಡಗ ಇಟ್ಟಳು. ಜೂನ್ ಅದನ್ನು ತಿರುಗಿಸಿದಳು, ಹಕ್ಕಿಯ ಕೊರಳು ಸವರಿದಳು, ಒಳ ಅಂಚಿಗೆ ಹೆಬ್ಬೆರಳು ಒಯ್ದಳು. ಬೆರಳು ತಗ್ಗಿಗೆ ಇಳಿದು ನಿಂತಿತು. ಮುದುಕಿಯ ಮುಖ ಅರಳಿತು. ನನ್ನ ಜೀವ ಬಾಯಿಯಿಂದ ಕೆಳಗಿಳಿಯಿತು.

ಆಮೇಲೆ ಜೂನ್ ಯಾರೂ ಕೇಳದೆ ಹೇಳತೊಡಗಿದಳು. ತಾಸ್ಕೊದಲ್ಲಿದ್ದಾಗ ಒಂದು ದಿನ ಹಿಟ್ಟು ಕಲಸಲು ಕಡಗ ತೆಗೆದಿಟ್ಟಿದ್ದಳು. ಮೂರು ವರ್ಷದ ಮಗ ಪೀಟರ್ ಅದನ್ನು ಎತ್ತಿಕೊಂಡು ಹೋಗಿ ಬಾಗಿಲ ಮೆಟ್ಟಿಲ ಮೇಲೆ ಇಟ್ಟು ಕಲ್ಲಿನಿಂದ ಹೊಡೆದಿದ್ದ. ಪಕ್ಕದ ಬೀದಿಯ ಬೆಳ್ಳಿ ಕೆಲಸಗಾರರು ದಿನವಿಡೀ ಬಡಿಯುವುದನ್ನು ನೋಡಿದ್ದನಲ್ಲ, ತಾನೂ ಕೆಲಸ ಮಾಡುತ್ತಿದ್ದೇನೆ ಎಂದಿದ್ದ. ಗಂಡ ಸರಿ ಮಾಡಿಸುತ್ತೇನೆ ಎಂದರೂ ಅವಳು ಬಿಡಲಿಲ್ಲ. ಹತ್ತೊಂಬತ್ತರ ವಯಸ್ಸಿಗೆ ಮಗ ಮೋಟರ್‌ಸೈಕಲ್ ಅಪಘಾತದಲ್ಲಿ ಹೋದ.

"ಅವನ ಫೋಟೋಗಳು ಇವೆ, ನನಗೆ ಕಾಣುವುದಿಲ್ಲ" ಎಂದಳು ಜೂನ್. "ಇದೊಂದು ಈಗಲೂ ಕಾಣುತ್ತದೆ."

ನಾನು ಮಹಾಶ್ವೇತಾಳ ಕಡೆ ನೋಡಿದೆ. ಅವಳು ಕಿಟಕಿಯವರೆಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಏನಾಗಲಿದೆ ಎಂದು ನನಗೆ ಗೊತ್ತಾಯಿತು. ಬೇಡ ಎಂದು ಕಣ್ಣಿನಲ್ಲೇ ಹೇಳಿದೆ, ಅವಳ ಕೋಟಿನ ಚುಂಗು ಹಿಡಿದು ಎಳೆದೆ. ಇಷ್ಟು ಸಂತೋಷವಾಗಿ ಕೂತಿರುವ ಜೀವದಿಂದ ಅದನ್ನು ಕಿತ್ತುಕೊಳ್ಳುವ ಸತ್ಯ ಯಾರಿಗೆ ಬೇಕಾಗಿದೆ ಎಂದು ನನಗೆ ಕೋಪವೇ ಬಂದಿತ್ತು. ಅವಳು ಕೋಟು ಬಿಡಿಸಿಕೊಂಡು ಜೂನ್ ಎದುರು ನೆಲದ ಮೇಲೆ ಕುಕ್ಕರಿಸಿದಳು. ಆ ತಗ್ಗು ಪೀಟರ್‌ನದಲ್ಲ, ನಾನು ಹೊಡೆದದ್ದು ಎಂದಳು. ಪತ್ತಾರ, ಜೋಡಿ, ಮುದ್ರೆ, ಎಲ್ಲವನ್ನೂ ತಡವರಿಸುತ್ತ ಹೇಳಿದಳು. ಹೇಳಿ ಮುಗಿಯುವಷ್ಟರಲ್ಲಿ ಜೂನ್ ಹೆಬ್ಬೆರಳು ತಗ್ಗಿನಿಂದ ಮೇಲೆದ್ದಿತ್ತು.

ಪಕ್ಕದ ಕೋಣೆಯಲ್ಲಿ ಯಾರದೋ ಟಿವಿ ಕೂಗುತ್ತಿತ್ತು. ಯಾತರಿಂದ ಹೊಡೆದೆ ಎಂದು ಜೂನ್ ಕೇಳಿದಳು. ಹಿತ್ತಾಳೆ ಗುಂಡಿನಿಂದ ಎಂದಳು ಇವಳು. ಇನ್ನೊಂದನ್ನು ತಂದಿದ್ದೀಯಾ ಎಂದಳು ಜೂನ್. ತಂದಿದ್ದಳು, ಚೀಲದ ತಳದಲ್ಲಿ ಕಾಲುಚೀಲದೊಳಗೆ ಸುತ್ತಿ. ಜೂನ್ ಅದನ್ನು ತೆಗೆದುಕೊಂಡು ಒಳ ಅಂಚನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಸವರಿದಳು. ಅಲ್ಲಿ ಏನೂ ಇರಲಿಲ್ಲ. ಇದು ನನ್ನದಾಗಿರಬಹುದು, ಅಲ್ಲದೆಯೂ ಇರಬಹುದು, ಹೌದೇ ಎಂದು ಕೇಳಿದಳು. ಹೌದು ಎಂದು ಮಹಾಶ್ವೇತಾ ಅಳುತ್ತ ಹೇಳಿದಳು. ಅವಳು ಅತ್ತದ್ದನ್ನು ನಾನು ಅವಳವ್ವ ತೀರಿಕೊಂಡಾಗಲೂ ನೋಡಿರಲಿಲ್ಲ.

ಜೂನ್ ನುಣ್ಣಗಿನ ಕಡಗವನ್ನು ತನ್ನ ಕೈಗೆ ಏರಿಸಿಕೊಂಡಳು. "ಇದು ಇಲ್ಲೇ ಇರಲಿ. ಇದರಲ್ಲಿ ಯಾರ ಏಟೂ ಇಲ್ಲ. ಅವನು ಎಲ್ಲಿ ಹೊಡೆದಿದ್ದ ಅನ್ನುವುದು ನನ್ನ ಬೆರಳಿಗೆ ಗೊತ್ತಿದೆ" ಎಂದಳು. ಇನ್ನೊಂದನ್ನು ಮುಂದೆ ಚಾಚಿದಳು. "ಇದು ನೀನು ಹೊಡೆದದ್ದು. ಇದನ್ನು ನೀನೇ ಹಾಕಿಕೊ."

ದನಿಯಲ್ಲಿ ಸಿಟ್ಟು ಇರಲಿಲ್ಲ, ಕ್ಷಮೆಯೂ ಇತ್ತೆಂದು ನಾನು ಹೇಳಲಾರೆ. ಮಹಾಶ್ವೇತಾ ಅಲ್ಲೇ, ನೆಲದ ಮೇಲೆ ಕೂತಲ್ಲೇ ಅದನ್ನು ಬಲಗೈಗೆ ಹಾಕಿಕೊಂಡಳು. ಅಷ್ಟರಲ್ಲಿ ಆದ್ಯಾ ಬಂದು ಹಾರ್ನ್ ಮಾಡಿದಳು.

ಅದಾಗಿ ಕೆಲವು ತಿಂಗಳಾದವು. ಇಂಟರ್‌ನೆಟ್ ಗುಂಪಿನಲ್ಲಿ ಯಾರು ಯಾವ ಸುಳ್ಳು ಮುದ್ರೆ ಹಾಕಿದರೂ ಅವಳು ಬಾಯಿ ಬಿಡುವುದಿಲ್ಲ. ಮೆಲ್ಬರ್ನ್‌ಗೆ ಹೋಗುತ್ತಾಳೆ, ಸಂತೆಗಲ್ಲ, ಪ್ರೆಸ್ಟನ್‌ಗೆ. ಜೂನ್ ಮಾತಾಡುತ್ತಾಳಾ ಎಂದು ಕೇಳಿದರೆ, ಹವಾಮಾನದ ಬಗ್ಗೆ ಮಾತಾಡುತ್ತಾಳೆ ಎನ್ನುತ್ತಾಳೆ. ಬೆಳಿಗ್ಗೆ ಒಮ್ಮೊಮ್ಮೆ ಒಂದೇ ಮೆಟ್ರೋದಲ್ಲಿ ಹೋಗುತ್ತೇವೆ. ಕಂಬ ಹಿಡಿದು ನಿಂತಿರುತ್ತಾಳೆ. ಅವಳ ಬೋಳು ಎಡಗೈಯ ಹೆಬ್ಬೆರಳು ತಾನಾಗಿ ಬಲಗೈಯ ಕಡಗದ ಅಂಚಿಗೆ ಹೋಗುತ್ತದೆ, ಆ ತಗ್ಗು ತಾಕಿದ ಕೂಡಲೇ ಬಿಸಿ ಬಾಣಲೆ ಮುಟ್ಟಿದಂತೆ ಹಿಂದಕ್ಕೆ ಬರುತ್ತದೆ. ಎರಡು ಸ್ಟೇಷನ್ ಹೋಗುವಷ್ಟರಲ್ಲಿ ಮತ್ತೆ ಹೋಗುತ್ತದೆ. ತೆಗೆದಿಡೇ ಅದನ್ನ ಎಂದು ನಾನು ಒಂದು ಸಲ ರೇಗಿದೆ. ಅವಳು ಆಗದೆಂದು ತಲೆ ಅಲ್ಲಾಡಿಸಿ ಕಿಟಕಿಯ ಹೊರಗಿನ ಕತ್ತಲು ಸುರಂಗ ನೋಡುತ್ತ ನಿಂತಳು.